ಹಾರ್ಲಿ ಅರ್ಲ್: ಗಾಡಿ ಕಟ್ಟುವವನ ಮಗ

ಜೀವನಚರಿತ್ರೆ ಎಂದೊಡನೆ ನಮ್ಮ ನೆನಪಿಗೆ ಬರುವವರು ಅರಸರು, ಕವಿಗಳು, ದೇಶಭಕ್ತರು, ವಿಜ್ಞಾನಿಗಳು. ನಾವು ದಿನವೂ ಬಳಸುವ ವಸ್ತುಗಳಿಗೆ ರೂಪು ಕೊಟ್ಟವರ ಚರಿತ್ರೆಯನ್ನು ಓದುವವರು ಕಡಿಮೆ. ಬರೆಯುವವರು ಇನ್ನೂ ಕಡಿಮೆ. ಮೋಟಾರು ಕಾರನ್ನೇ ತೆಗೆದುಕೊಳ್ಳೋಣ. ಕೊಳ್ಳುವವನು ಎಂಜಿನ್ನಿನ ಶಕ್ತಿಯನ್ನು ವಿಚಾರಿಸುತ್ತಾನೆ, ಎಣ್ಣೆಯ ಖರ್ಚನ್ನು ವಿಚಾರಿಸುತ್ತಾನೆ. ಒಳಗೆ ಕುಳಿತ ಮೇಲೆ ತನ್ನ ತಲೆಯ ಮೇಲಿರುವ ಚಾವಣಿಯನ್ನು ಕತ್ತೆತ್ತಿ ನೋಡುವವನು ಅಪರೂಪ. ಆದರೂ ಆ ಚಾವಣಿ ಬಾಗಿರುವ ಬಗೆ, ಅದರ ಒಳಹೊದಿಕೆಯ ಬಣ್ಣ, ಗಾದಿಯ ಬಟ್ಟೆ, ಕಿಟಕಿಯ ಓರೆ ಇವೆಲ್ಲವನ್ನೂ ಯಾರೋ ಕುಳಿತು ಯೋಚಿಸಿದ್ದಾರೆ. ಹಾಗೆ ಯೋಚಿಸುವ ಕೆಲಸಕ್ಕೆ ದೊಡ್ಡ ಕಾರ್ಖಾನೆಯೊಂದರಲ್ಲಿ ಸ್ಥಾನ ದೊರಕಿಸಿಕೊಟ್ಟವನು ಅಮೆರಿಕದ ಹಾರ್ಲಿ ಅರ್ಲ್. ಅವನ ಬಾಳಿನ ಕಥೆ ಒಬ್ಬ ಕುಶಲಕರ್ಮಿಯ ಮಗನ ಕಥೆಯಾದ್ದರಿಂದ ನನಗೆ ವಿಶೇಷವಾಗಿ ಪ್ರಿಯವಾಯಿತು.

ಅರ್ಲನು 1893ನೆಯ ಇಸವಿ ನವೆಂಬರ್ 22ರಂದು ಕ್ಯಾಲಿಫೋರ್ನಿಯಾದ ಹಾಲಿವುಡ್‌ನಲ್ಲಿ ಜನಿಸಿದನು. ಆಗ ಅದು ಚಲನಚಿತ್ರಗಳ ಊರಾಗಿರಲಿಲ್ಲ. ತಂದೆ ಜೆ. ಡಬ್ಲ್ಯು. ಅರ್ಲ್ 1889ರಿಂದ ಲಾಸ್ ಏಂಜಲೀಸ್‌ನಲ್ಲಿ ಕುದುರೆಯ ಸಾರೋಟುಗಳನ್ನು ಕಟ್ಟುತ್ತಿದ್ದನು. ರಸ್ತೆಯ ಮೇಲೆ ಮೋಟಾರುಗಳು ಹೆಚ್ಚುತ್ತ ಬಂದಂತೆ, ಇನ್ನು ಸಾರೋಟಿನ ಕಾಲ ಮುಗಿಯಿತೆಂದು ಅರಿತ ಆತನು 1908ರಲ್ಲಿ ಅರ್ಲ್ ಆಟೋಮೊಬೈಲ್ ವರ್ಕ್ಸ್ ಎಂಬ ಹೆಸರಿನಲ್ಲಿ ಮೋಟಾರುಗಳಿಗೆ ಮೈಕಟ್ಟುವ ಕೆಲಸಕ್ಕೆ ತೊಡಗಿದನು. ಹೊಸ ಕಾಲ ಬಂದಾಗ ಹಳೆಯ ಕಸುಬನ್ನು ಬಿಟ್ಟು ಓಡದೆ, ಅದೇ ಕೈಚಳಕವನ್ನು ಹೊಸ ವಸ್ತುವಿನತ್ತ ತಿರುಗಿಸುವುದು ಹೇಗೆಂಬುದನ್ನು ಮಗನು ಮನೆಯಲ್ಲಿಯೇ ಕಂಡನು.

ತಂದೆಗೆ ಮಗನು ಚೆನ್ನಾಗಿ ಓದಲೆಂಬ ಆಸೆ. ಹಾರ್ಲಿಯು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಿದನು. ಆದರೆ ಓದನ್ನು ಪೂರೈಸದೆ ಹಿಂತಿರುಗಿ ತಂದೆಯ ಕಾರ್ಖಾನೆಯಲ್ಲಿಯೇ ನಿಂತನು. ಅಷ್ಟರಲ್ಲಿ ಹಾಲಿವುಡ್‌ಗೆ ಚಲನಚಿತ್ರದವರು ಬಂದು ನೆಲೆಸಿದ್ದರು. ಅವರಿಗೆ ಊರಿನಲ್ಲಿ ಇನ್ನೊಬ್ಬರ ಬಳಿ ಇಲ್ಲದಂತಹ ಕಾರು ಬೇಕು. ಹಾಸ್ಯನಟ ರಾಸ್ಕೋ ಆರ್ಬಕಲ್, ಕುದುರೆ ಸವಾರಿಯ ಚಿತ್ರಗಳ ನಾಯಕ ಟಾಮ್ ಮಿಕ್ಸ್ ಮೊದಲಾದವರಿಗೆ ಅರ್ಲನು ಕಾರುಗಳನ್ನು ರೂಪಿಸಿಕೊಟ್ಟನು. 1919ರಲ್ಲಿ ಕ್ಯಾಡಿಲಾಕ್ ಕಾರುಗಳ ವ್ಯಾಪಾರಿ ಡಾನ್ ಲೀ ಎಂಬವನು ಈ ಕಾರ್ಖಾನೆಯನ್ನು ಕೊಂಡು, ವಿನ್ಯಾಸದ ಹೊಣೆಯನ್ನು ಹಾರ್ಲಿಗೇ ವಹಿಸಿದನು.

ಆ ದಿನಗಳಲ್ಲಿ ಕಾರಿನ ಮೈ ಕಟ್ಟುವುದು ಬಡಗಿ, ಕಮ್ಮಾರ, ದರ್ಜಿ ಈ ಮೂವರ ಕೂಡುಕೆಲಸವಾಗಿತ್ತು. ಗಟ್ಟಿ ಮರದ ಚೌಕಟ್ಟನ್ನು ಮಾಡಿ, ಅದರ ಮೇಲೆ ಲೋಹದ ತಗಡನ್ನು ಬಡಿದು ಕೂರಿಸುವರು. ಚಾವಣಿಯ ನಡುಭಾಗ ಮಾತ್ರ ಲೋಹದ್ದಲ್ಲ. ಮರದ ಪಟ್ಟಿಗಳನ್ನು ಜೋಡಿಸಿ, ಮೇಲೆ ನೀರು ಹಿಡಿಯದ ಬಟ್ಟೆಯನ್ನು ಬಿಗಿಯುವರು. ಒಳಗಡೆ ಇನ್ನೊಂದು ಬಟ್ಟೆಯನ್ನು ಹೊಲಿದು, ಕಮಾನುಗಳಿಗೆ ಕಟ್ಟಿ ಇಳಿಬಿಡುವರು. ಇದೇ ಚಾವಣಿಯ ಒಳಹೊದಿಕೆ. ಅರ್ಲನು ಈ ಪದ್ಧತಿಗೆ ಒಂದು ಹೊಸತನ್ನು ಸೇರಿಸಿದನು. ಮರವನ್ನಾಗಲಿ ತಗಡನ್ನಾಗಲಿ ಮುಟ್ಟುವುದಕ್ಕೆ ಮೊದಲು, ಕಾರಿನ ರೂಪವನ್ನು ಮೆದುವಾದ ಮಣ್ಣಿನಲ್ಲಿ ತಿದ್ದಿ ನೋಡುತ್ತಿದ್ದನು. ಮಣ್ಣಿನಲ್ಲಿ ತಪ್ಪಾದರೆ ಬೆರಳಿನಿಂದ ಅಳಿಸಬಹುದು. ತಗಡಿನಲ್ಲಿ ತಪ್ಪಾದರೆ ಹಣವೂ ಹೋಯಿತು, ತಗಡೂ ಹೋಯಿತು. ಜೊತೆಗೆ, ದೀಪ ಬೇರೆ, ಮೂತಿ ಬೇರೆ, ಮೈ ಬೇರೆ ಎಂದು ಅಂಟಿಸಿದಂತೆ ಕಾಣದೆ ಇಡೀ ಕಾರು ಒಂದೇ ವಸ್ತುವಾಗಿ ಕಾಣಲು ಈ ವಿಧಾನ ನೆರವಾಯಿತು.

ಕ್ಯಾಡಿಲಾಕ್ ವಿಭಾಗದ ಮುಖ್ಯಸ್ಥ ಲಾರೆನ್ಸ್ ಫಿಶರ್ ಒಮ್ಮೆ ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಈ ಮಣ್ಣಿನ ಕೆಲಸವನ್ನು ಕಂಡು ಮೆಚ್ಚಿದನು. ಅವನೂ ಗಾಡಿ ಕಟ್ಟುವವರ ಮನೆತನದವನೇ. ಅವನ ಕರೆಯಂತೆ ಅರ್ಲನು ಡೆಟ್ರಾಯಿಟ್ ನಗರಕ್ಕೆ ಹೋಗಿ 1927ರ ಲಾಸಾಲ್ ಕಾರನ್ನು ರೂಪಿಸಿದನು. ಅದು ಗೆದ್ದಿತು. ಜನರಲ್ ಮೋಟಾರ್ಸ್ ಕಂಪೆನಿಯ ಅಧ್ಯಕ್ಷ ಆಲ್ಫ್ರೆಡ್ ಸ್ಲೋನ್ ಅದೇ ವರ್ಷ ಕಲೆ ಮತ್ತು ಬಣ್ಣದ ಇಲಾಖೆಯೊಂದನ್ನು ತೆರೆದು ಅರ್ಲನನ್ನು ಅದರ ಮುಖ್ಯಸ್ಥನನ್ನಾಗಿ ನೇಮಿಸಿದನು. ಸುಮಾರು 50 ಮಂದಿಯ ಇಲಾಖೆ ಅದು. ಲಕ್ಷಗಟ್ಟಲೆ ಕಾರುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ರೂಪಕ್ಕೆಂದೇ ಇಂತಹ ಇಲಾಖೆ ಅದುವರೆಗೆ ಇರಲಿಲ್ಲ. ಎಂಜಿನಿಯರುಗಳು ಇದನ್ನು ಶೃಂಗಾರದ ಅಂಗಡಿಯೆಂದು ಹಾಸ್ಯ ಮಾಡಿದರು. ಆರಡಿ ನಾಲ್ಕಂಗುಲ ಎತ್ತರದ ಅರ್ಲನು ಹಾಸ್ಯಕ್ಕೆ ಜಗ್ಗುವ ಆಳಲ್ಲ. ಕಾರು ಉದ್ದವಾಗಬೇಕು, ತಗ್ಗಾಗಬೇಕು ಎಂಬ ಒಂದೇ ಗುರಿಯನ್ನು ಹಿಡಿದು ಮೂವತ್ತು ವರ್ಷ ದುಡಿದನು.

ಕಾರು ತಗ್ಗಾಗಬೇಕಾದರೆ ಚಾವಣಿ ಬದಲಾಗಬೇಕು. ಉಕ್ಕಿನ ಕಾರ್ಖಾನೆಗಳು ಅಗಲವಾದ ತಗಡನ್ನು ತೆಗೆಯಲು ಸಮರ್ಥವಾದ ಮೇಲೆ, ಜನರಲ್ ಮೋಟಾರ್ಸ್ 1935ರ ಕಾರುಗಳಲ್ಲಿ ಒಂದೇ ಹಾಳೆಯಿಂದ ಒತ್ತಿದ ಉಕ್ಕಿನ ಚಾವಣಿಯನ್ನು ತಂದಿತು. ಮರದ ಪಟ್ಟಿ, ಬಟ್ಟೆ ಎರಡೂ ಹೋದವು. ಚಾವಣಿ ದುಂಡಗಾಗಿ ಬಾಗಲು ಸಾಧ್ಯವಾಯಿತು, ಸೋರುವುದು ನಿಂತಿತು. ಆದರೆ ಬರಿಯ ಉಕ್ಕು ಬಿಸಿಲಿಗೆ ಕಾಯುತ್ತದೆ, ಮಳೆಗೆ ತಮಟೆಯಂತೆ ಬಡಿದುಕೊಳ್ಳುತ್ತದೆ. ಆದುದರಿಂದ ಒಳಹೊದಿಕೆಯು ಬರಿಯ ಅಲಂಕಾರವಾಗಿ ಉಳಿಯದೆ, ಕುಳಿತವರ ಸುಖಕ್ಕೆ ಅವಶ್ಯವಾಯಿತು.

1938ರಲ್ಲಿ ಅರ್ಲನು ಬ್ಯೂಕ್ ವೈ-ಜಾಬ್ ಎಂಬ ಕಾರನ್ನು ಮಾಡಿಸಿದನು. ಅದು ಮಾರುವುದಕ್ಕೆ ಮಾಡಿದ ಕಾರಲ್ಲ. ನಾಳೆಯ ಕಾರು ಹೀಗಿರಬಹುದೆಂದು ತೋರಿಸಲು ಮಾಡಿದ್ದು. ಇಂದು ಪ್ರದರ್ಶನಗಳಲ್ಲಿ ಕಾಣುವ ಮಾದರಿ ಕಾರುಗಳಿಗೆಲ್ಲ ಅದೇ ಮೂಲವೆನ್ನುತ್ತಾರೆ. ಅರ್ಲನು ಅದನ್ನು ವರ್ಷಗಳ ಕಾಲ ತಾನೇ ಓಡಿಸಿದನು. 1940ರಲ್ಲಿ ಅವನನ್ನು ಕಂಪೆನಿಯ ಉಪಾಧ್ಯಕ್ಷನನ್ನಾಗಿ ಮಾಡಿದರು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಹೊಸದೊಂದು ವಸ್ತು ಬಳಕೆಗೆ ಬಂದಿತು. ಅದೇ ಫೈಬರ್‌ಗ್ಲಾಸ್. ಗಾಜನ್ನು ಕರಗಿಸಿ ಕೂದಲಿಗಿಂತ ಸಣ್ಣದಾದ ಎಳೆಗಳನ್ನಾಗಿ ಎಳೆದು, ಆ ಎಳೆಗಳನ್ನು ಬಟ್ಟೆಯಾಗಿ ನೇಯುತ್ತಾರೆ, ಇಲ್ಲವೆ ತುಂಡರಿಸಿ ಚಾಪೆಯಂತೆ ಹರಡುತ್ತಾರೆ. ಅದನ್ನು ಅಚ್ಚಿನ ಮೇಲೆ ಹಾಸಿ, ಪಾಲಿಯೆಸ್ಟರ್ ರಾಳಕ್ಕೆ ಗಟ್ಟಿಯಾಗಿಸುವ ದ್ರವವನ್ನು ಸ್ವಲ್ಪ ಬೆರೆಸಿ ಕುಂಚದಿಂದ ತೋಯಿಸುತ್ತಾರೆ. ಕುಲುಮೆ ಬೇಡ, ಸುತ್ತಿಗೆ ಬೇಡ. ರಾಳ ತಾನಾಗಿಯೇ ಬಿಸಿಯೇರಿ ಗಟ್ಟಿಯಾಗುತ್ತದೆ. ರೂಪವನ್ನು ಹಿಡಿದಿಡುವುದು ರಾಳ, ಬಲ ಕೊಡುವುದು ಗಾಜಿನ ಎಳೆ. ನಮ್ಮ ತಾಯಂದಿರು ನೆನೆಸಿದ ಕಾಗದವನ್ನು ಮೆಂತ್ಯದೊಡನೆ ರುಬ್ಬಿ ಬುಟ್ಟಿ ಮೊರಗಳಿಗೆ ಮೆತ್ತುವುದನ್ನು ಕಂಡವರಿಗೆ ಈ ತತ್ತ್ವ ತೀರ ಹೊಸದೇನಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಫೈಬರ್‌ಗ್ಲಾಸಿನಿಂದ ದೋಣಿ ಮಾಡುತ್ತಿದ್ದ ಬಿಲ್ ಟ್ರಿಟ್ ಎಂಬವನು 1950ರ ಸುಮಾರಿನಲ್ಲಿ ಅದೇ ವಿಧಾನದಿಂದ ಕಾರಿನ ಮೈಯನ್ನೂ ಮಾಡತೊಡಗಿದ್ದನು. 1952ರಲ್ಲಿ ಅಂತಹ ಕಾರೊಂದು ಡೆಟ್ರಾಯಿಟ್ಟಿಗೆ ಬಂದು ಅರ್ಲನ ಇಲಾಖೆಯವರ ಕಣ್ಣಿಗೆ ಬಿದ್ದಿತು. ಇಬ್ಬರು ಕೂರುವ ಸಣ್ಣ ಕಾರೊಂದನ್ನು ಮಾಡಬೇಕೆಂದು ಅರ್ಲನು ಆಗಲೇ ಹವಣಿಸುತ್ತಿದ್ದನು. ಉಕ್ಕಿನಲ್ಲಿ ಮಾಡುವುದಾದರೆ ಒತ್ತುವ ಅಚ್ಚುಗಳಿಗೇ ಬಹಳ ಹಣ, ಬಹಳ ಕಾಲ ಬೇಕು. ಸಾವಿರಾರು ಕಾರುಗಳು ಮಾರಿದರೆ ಮಾತ್ರ ಅದು ಗಿಟ್ಟುತ್ತದೆ. ಫೈಬರ್‌ಗ್ಲಾಸಾದರೆ ಕೆಲವೇ ಕಾರುಗಳಿಗೂ ಸಾಲುತ್ತದೆ. ಹೀಗೆ ಹುಟ್ಟಿದ್ದು ಕಾರ್ವೆಟ್. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಅದರ ಪ್ರದರ್ಶನವಾಯಿತು. ಜೂನ್ 30ರಂದು ಫ್ಲಿಂಟ್ ನಗರದಲ್ಲಿ ತಯಾರಿಕೆ ಮೊದಲಾಯಿತು. ಆ ವರ್ಷ ಮಾಡಿದ್ದು 300 ಕಾರುಗಳು ಮಾತ್ರ. ಎಲ್ಲವೂ ಹೊರಗೆ ಬಿಳಿ, ಒಳಗೆ ಕೆಂಪು. ಹೆಚ್ಚಿನ ಕೆಲಸವೆಲ್ಲ ಕೈಯಿಂದಲೇ ನಡೆಯಿತು. ಸಾರೋಟು ಕಟ್ಟುವವನ ಮಗನು, ಪ್ರಪಂಚದ ಅತಿ ದೊಡ್ಡ ಯಂತ್ರೋದ್ಯಮದೊಳಗೆ ಮತ್ತೆ ಕೈಕೆಲಸಕ್ಕೆ ಬಂದು ನಿಂತಿದ್ದನು.

ಆರಂಭ ಸುಗಮವಾಗಿರಲಿಲ್ಲ. ಹಲಗೆಗಳು ಸರಿಯಾಗಿ ಕೂಡುತ್ತಿರಲಿಲ್ಲ, ಮಳೆನೀರು ಒಳಗೆ ಬರುತ್ತಿತ್ತು. 1954ರಲ್ಲಿ 3,640 ಕಾರುಗಳು ತಯಾರಾದರೂ ಅನೇಕವು ಮಾರಾಟವಾಗದೆ ಉಳಿದವು. 1955ರಲ್ಲಿ ಕೇವಲ 700 ಆದವು. ಕಾರ್ವೆಟ್ ನಿಂತೇಹೋಗುವುದೆಂದು ಹಲವರು ಎಣಿಸಿದರು. ಆದರೆ ಹೊಸ ಎಂಟು ಸಿಲಿಂಡರಿನ ಎಂಜಿನ್ನು ಅದನ್ನು ಉಳಿಸಿತು. 1956ರಲ್ಲಿ ಬೇಕೆಂದಾಗ ಕೂರಿಸಿ ಬೇಡವೆಂದಾಗ ತೆಗೆದಿಡಬಹುದಾದ ಫೈಬರ್‌ಗ್ಲಾಸ್ ಚಾವಣಿಯೂ ಅದಕ್ಕೆ ಬಂದಿತು. ಇಂದಿಗೂ ಆ ಕಾರಿನ ಹೊರಮೈಗೆ ಉಕ್ಕಿನ ತಗಡನ್ನು ಬಳಸುವುದಿಲ್ಲ.

ಕಾರ್ವೆಟ್ಟಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆದದ್ದು, ಈ ವಸ್ತು ಸಣ್ಣ ಕಾರ್ಖಾನೆಗಳಿಗೆ ಕೊಟ್ಟ ಬಲ. ನಮ್ಮ ತಂದೆಯವರು ಕುಷನ್ ಅಂಗಡಿಯಲ್ಲಿ ಕೆಲಸ ಮಾಡುವವರು. ವ್ಯಾನುಗಳಿಗೆ ಬೇಕಾದ ರೂಪದ ಚಾವಣಿ ಹೊದಿಕೆಯನ್ನು ಅವರು ಫೈಬರ್‌ಗ್ಲಾಸಿನಲ್ಲಿ ಮಾಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಮೊದಲು ಹಳೆಯ ಹೊದಿಕೆಯನ್ನು ಹರಿಯದಂತೆ ಬಿಚ್ಚಿ, ಅದರಿಂದಲೇ ಅಳತೆ ತೆಗೆಯಬೇಕು. ತೆಳುಹಲಗೆಯ ಚೌಕಟ್ಟು ಮಾಡಿ, ಅದರ ಮೇಲೆ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಬಿಗಿಯಬೇಕು. ಬಟ್ಟೆಗೆ ರಾಳ ಕುಡಿಸಿ, ಅದು ಬಿರುಸಾದ ಮೇಲೆ ಬೆನ್ನಿಗೆ ಗಾಜಿನ ಚಾಪೆಯನ್ನು ಎರಡು ಮೂರು ಪದರ ಹಾಕಬೇಕು. ದೀಪಕ್ಕೆ ತೂತು, ತಂತಿಗೆ ದಾರಿ, ಮೇಲೆ ಅಂಟಿಸುವ ಬಟ್ಟೆಯ ದಪ್ಪಕ್ಕೆ ಸಂದು ಇವನ್ನೆಲ್ಲ ಮುಂಚೆಯೇ ಲೆಕ್ಕ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿದ ವಸ್ತು ಬಾಗಿಲಿನಿಂದ ಒಳಗೆ ಹೋಗುವಂತಿರಬೇಕು. ಬಟ್ಟೆಯಂತೆ ಅದನ್ನು ಮಡಿಸುವ ಹಾಗಿಲ್ಲವಲ್ಲ! ಬೇಸಿಗೆಯಲ್ಲಿ ರಾಳ ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವಾಗಿಯೇ ಕಲಸಬೇಕು. ಉಜ್ಜುವಾಗ ಏಳುವ ಗಾಜಿನ ಪುಡಿ ಮೈಯೆಲ್ಲ ತುರಿಸುತ್ತದೆ. ಅದೂ ರಾಳದ ಹಬೆಯೂ ಎದೆಗೆ ಕೇಡು. ಮೂಗು ಬಾಯಿ ಮುಚ್ಚಿಕೊಳ್ಳದೆ, ಗಾಳಿಯಾಡದ ಕಡೆಯಲ್ಲಿ ಈ ಕೆಲಸ ಮಾಡಬಾರದು. ಇಂತಹ ಕೆಲಸದಲ್ಲಿ ಜ್ಯಾಮಿತಿಯೂ ಇದೆ, ರಸಾಯನವೂ ಇದೆ, ಚಿತ್ರಕಲೆಯೂ ಇದೆ. ಆದರೆ ಇದನ್ನು ಬಲ್ಲವರನ್ನು ನಾವು ವಿದ್ಯಾವಂತರೆಂದು ಕರೆಯುವ ರೂಢಿಯಿಲ್ಲ.

ಅರ್ಲನ ಬಾಳಿನಲ್ಲಿ ಆಕ್ಷೇಪಾರ್ಹವಾದದ್ದು ಇಲ್ಲವೆಂದಲ್ಲ. ವರ್ಷವರ್ಷವೂ ರೂಪ ಬದಲಿಸಿ, ಚೆನ್ನಾಗಿರುವ ಕಾರನ್ನೇ ಹಳತೆನ್ನಿಸುವ ವ್ಯಾಪಾರನೀತಿಗೆ ಅವನ ಕಲೆ ಆಳಾಯಿತು. ಯುದ್ಧವಿಮಾನವನ್ನು ನೋಡಿ ಪ್ರೇರಿತನಾಗಿ 1948ರ ಕ್ಯಾಡಿಲಾಕ್ ಕಾರಿಗೆ ಅವನು ತಂದ ಹಿಂಬದಿಯ ರೆಕ್ಕೆಗಳು ಓಟಕ್ಕೆ ಯಾವ ನೆರವನ್ನೂ ಕೊಡಲಿಲ್ಲ. ಆದರೂ ವರ್ಷದಿಂದ ವರ್ಷಕ್ಕೆ ಬೆಳೆದವು. ಅವನ ಕೊನೆಯ ಕಾಲದ 1958ರ ಕಾರುಗಳು ಹೊಳೆಯುವ ಲೋಹದ ಭಾರದಿಂದ ಬಾಗಿದಂತಿದ್ದವು. ನೂರಾರು ಚಿತ್ರಕಾರರೂ ಮಣ್ಣು ತಿದ್ದುವವರೂ ಮಾಡಿದ ಕೆಲಸಕ್ಕೆಲ್ಲ ಅವನೊಬ್ಬನ ಹೆಸರು ಬಂದಿತು. 1950ರ ದಶಕದಲ್ಲಿ ಮಹಿಳಾ ವಿನ್ಯಾಸಕಾರರನ್ನು ನೇಮಿಸಿಕೊಂಡದ್ದು ಅವನ ಹಿರಿಮೆ. ಆದರೆ ಅವರಿಗೆ ದೊರೆತದ್ದು ಬಹುಮಟ್ಟಿಗೆ ಗಾದಿ, ಬಟ್ಟೆ, ಬಣ್ಣಗಳ ಒಳಗಿನ ಕೆಲಸ ಮಾತ್ರ.

1958ರ ಡಿಸೆಂಬರಿನಲ್ಲಿ, 65ನೆಯ ವಯಸ್ಸಿನಲ್ಲಿ ಅರ್ಲನು ನಿವೃತ್ತನಾದನು. ಅವನ ಸ್ಥಾನಕ್ಕೆ ಬಿಲ್ ಮಿಚೆಲ್ ಬಂದನು. 1969ನೆಯ ಇಸವಿ ಏಪ್ರಿಲ್ 10ರಂದು ಫ್ಲಾರಿಡಾದ ವೆಸ್ಟ್ ಪಾಮ್ ಬೀಚ್‌ನಲ್ಲಿ ಅರ್ಲನು ತೀರಿಕೊಂಡನು. ಆ ವೇಳೆಗೆ ಕಾರು ತಯಾರಿಸುವ ಕಂಪೆನಿಗಳಲ್ಲಿ ವಿನ್ಯಾಸದ ಇಲಾಖೆ ಸಾಮಾನ್ಯವಾಗಿತ್ತು. ಹೊಸ ಕಾರಿನ ರೂಪವನ್ನು ಮಣ್ಣಿನಲ್ಲಿ ತಿದ್ದಿ ನೋಡುವ ಪದ್ಧತಿ ಗಣಕಯಂತ್ರದ ಈ ಕಾಲದಲ್ಲಿಯೂ ಬಿಟ್ಟುಹೋಗಿಲ್ಲ.

ನಮ್ಮಂತಹ ಸರ್ಕಾರಿ ಕಾಲೇಜಿನಲ್ಲಿ ಓದುವ ಅನೇಕರು ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಓದು ಎಂದರೆ ತಂದೆಯ ಕಸುಬಿನಿಂದ ಪಾರಾಗುವ ದಾರಿ ಎಂದೇ ನಮಗೆ ಹೇಳಿಕೊಟ್ಟಿದ್ದಾರೆ. ಕಸುಬಿನಲ್ಲಿರುವ ಕಷ್ಟವನ್ನು ಬಲ್ಲ ತಂದೆತಾಯಿಗಳು ಹಾಗೆ ಬಯಸುವುದು ಸಹಜ. ಅವರ ಬಯಕೆಯನ್ನು ಅಲ್ಲಗಳೆಯುವ ಹಕ್ಕು ನಮಗಿಲ್ಲ. ಎಲ್ಲರೂ ಅರ್ಲನಂತೆ ಓದನ್ನು ನಡುವೆ ಬಿಟ್ಟು ಹಿಂತಿರುಗಬೇಕಾಗಿಯೂ ಇಲ್ಲ. ಆದರೆ ದೂರ ಹೋದವನು ತಾನು ಬಂದ ಅಂಗಡಿಯನ್ನು ಮರೆಮಾಚಬೇಕಾಗಿಲ್ಲ. ತಂದೆಯ ಕಾರ್ಖಾನೆಯಲ್ಲಿ ಕಲಿತ ಮಣ್ಣಿನ ಕೆಲಸವನ್ನೇ ಅರ್ಲನು ಡೆಟ್ರಾಯಿಟ್ಟಿನ ದೊಡ್ಡ ಮೇಜಿನ ಮೇಲೆ ಇಟ್ಟನು. ನಕ್ಕವರೂ ಕಡೆಗೆ ಅದನ್ನು ಕಲಿತರು. ಪದವಿಯನ್ನು ಪಡೆದು ಹೊರಡುವ ಈ ವರ್ಷ, ನಮ್ಮ ಮನೆಯ ಕೈಗಳು ಏನನ್ನು ಬಲ್ಲವೆಂದು ಒಮ್ಮೆ ಕುಳಿತು ಕೇಳಿ ತಿಳಿದುಕೊಳ್ಳುವುದು ನಮ್ಮ ವ್ಯಾಸಂಗದ ಭಾಗವೇ ಆಗಬೇಕೆಂದು ನನಗೆ ತೋರುತ್ತದೆ.