ಎಲಿಜಬೆತ್ ಫ್ರೈ

ಎಲಿಜಬೆತ್ ಫ್ರೈ (ಮೇ 21, 1780 – ಅಕ್ಟೋಬರ್ 12, 1845) ಇಂಗ್ಲೆಂಡಿನ ಸಮಾಜ ಸುಧಾರಕಿ ಹಾಗೂ ಕ್ವೇಕರ್ ಧರ್ಮಬೋಧಕಿ. ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಮಹಿಳಾ ಕೈದಿಗಳಿಗೆ ಸಲ್ಲಿಸಿದ ಸೇವೆಯಿಂದ ಇವರು ಪ್ರಸಿದ್ಧರಾದರು. ಈ ಸೇವೆಯ ಮೂಲ, ತಾರುಣ್ಯದಲ್ಲಿ ಇವರು ಸ್ವಇಚ್ಛೆಯಿಂದ ಅಂಗೀಕರಿಸಿದ ಸರಳ ಧಾರ್ಮಿಕ ಜೀವನದಲ್ಲಿದೆ.

ಬಾಲ್ಯ

ಎಲಿಜಬೆತ್ ನಾರ್ವಿಚ್ ನಗರದ ಶ್ರೀಮಂತ ಗರ್ನಿ ಮನೆತನದಲ್ಲಿ ಜನಿಸಿದರು. ತಂದೆ ಜಾನ್ ಗರ್ನಿ, ತಾಯಿ ಕ್ಯಾಥರೀನ್. ಹನ್ನೆರಡನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಇವರು ಅರ್ಲ್‌ಹ್ಯಾಮ್ ಹಾಲ್ ಎಂಬ ಮನೆಯಲ್ಲಿ ಒಡಹುಟ್ಟಿದವರೊಂದಿಗೆ ಬೆಳೆದರು.

17ನೇ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಅವರ ಬೋಧನೆಯಿಂದ ರೂಪುಗೊಂಡ ಕ್ವೇಕರ್ ಪಂಥದ ಆರಾಧನೆಯಲ್ಲಿ ಪುರೋಹಿತರಿರಲಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುವಾಗ, ಅಂತಃಪ್ರೇರಣೆಯಾದವರು ಸ್ತ್ರೀಯಾಗಲಿ ಪುರುಷನಾಗಲಿ ಎದ್ದು ಮಾತನಾಡಬಹುದಿತ್ತು. ನಿಷ್ಠಾವಂತರು ಆಡಂಬರವಿಲ್ಲದ ಉಡುಪು ಧರಿಸಿ, ಸಂಗೀತ ನೃತ್ಯಗಳಿಂದ ದೂರವಿರುತ್ತಿದ್ದರು. ಗರ್ನಿ ಕುಟುಂಬ ಪಂಥದ ಸದಸ್ಯತ್ವ ಹೊಂದಿದ್ದರೂ ಈ ಕಟ್ಟುಪಾಡುಗಳನ್ನು ಸಡಿಲವಾಗಿ ಪಾಲಿಸುತ್ತಿತ್ತು. ಮನೆಯಲ್ಲಿ ಹಾಡು, ಕುಣಿತಗಳಿದ್ದವು. ಮಕ್ಕಳಿಗೆ ದೀರ್ಘ ಮೌನದ ಸಭೆಗಳು ಬೇಸರ ತರುತ್ತಿದ್ದವು.

ತಾರುಣ್ಯದ ನಿರ್ಧಾರ

1798ರ ಫೆಬ್ರವರಿಯಲ್ಲಿ ಅಮೆರಿಕದ ಕ್ವೇಕರ್ ಬೋಧಕ ವಿಲಿಯಂ ಸೇವರಿ ನಾರ್ವಿಚ್‌ಗೆ ಬಂದರು. ಅಂದು ಹದಿನೇಳರ ಎಲಿಜಬೆತ್ ಕೆಂಪು ದಾರದ ನೇರಳೆ ಬಣ್ಣದ ಬೂಟುಗಳನ್ನು ಧರಿಸಿ ಸಭೆಗೆ ಹೋಗಿದ್ದರು. ಸೇವರಿಯವರ ಮಾತು ಇವರನ್ನು ಕಲಕಿತು. ಮನೆಗೆ ಮರಳುವಾಗ ಕಣ್ಣೀರಿಟ್ಟರು.

ಆದರೂ ಇವರು ಆತುರಪಡಲಿಲ್ಲ. ಅದೇ ವರ್ಷ ಲಂಡನ್ನಿಗೆ ಹೋಗಿ ನಾಟಕ, ನೃತ್ಯಕೂಟಗಳನ್ನು ಕಂಡ ಬಳಿಕವೇ, ಅವು ತಮಗೆ ತೃಪ್ತಿ ನೀಡಲಾರವೆಂದು ಮನಗಂಡರು. ಕ್ರಮೇಣ ನೃತ್ಯವನ್ನೂ ಹಾಡನ್ನೂ ತೊರೆದು, ಸರಳ ಉಡುಪು ಹಾಗೂ ಬಿಳಿ ಟೋಪಿ ಧರಿಸತೊಡಗಿದರು. ಇದರಿಂದ ಸಹೋದರಿಯರು ನೊಂದುಕೊಂಡರು. ಈ ಅವಧಿಯಲ್ಲಿಯೇ ಇವರು ಬಡ ಮಕ್ಕಳನ್ನು ಮನೆಗೆ ಕರೆದು ಓದು ಕಲಿಸಲಾರಂಭಿಸಿದರು. ಮಕ್ಕಳ ಸಂಖ್ಯೆ ಎಪ್ಪತ್ತನ್ನು ಮೀರಿತು.

ವಿವಾಹ ಮತ್ತು ಸೇವೆ

1800ರಲ್ಲಿ ಕ್ವೇಕರ್ ವರ್ತಕ ಜೋಸೆಫ್ ಫ್ರೈ ಅವರನ್ನು ವಿವಾಹವಾಗಿ ಲಂಡನ್ನಿಗೆ ಬಂದರು. ದಂಪತಿಗೆ ಹನ್ನೊಂದು ಮಕ್ಕಳು ಜನಿಸಿದರು. 1811ರಲ್ಲಿ ಪಂಥವು ಇವರನ್ನು ಬೋಧಕಿಯಾಗಿ ಮಾನ್ಯ ಮಾಡಿತು.

1813ರಲ್ಲಿ ಕ್ವೇಕರ್ ಬೋಧಕ ಸ್ಟೀಫನ್ ಗ್ರೆಲೆಟ್ ಅವರಿಂದ ನ್ಯೂಗೇಟ್‌ನ ದುಃಸ್ಥಿತಿಯನ್ನು ತಿಳಿದು, ಅಲ್ಲಿನ ಶಿಶುಗಳಿಗೆ ಬಟ್ಟೆ ಒಯ್ದರು. ಶಿಕ್ಷೆಗೊಳಗಾದವರೂ ವಿಚಾರಣೆಗೆ ಕಾದಿರುವವರೂ ಮಕ್ಕಳೊಂದಿಗೆ ಒಟ್ಟಿಗೇ ತುಂಬಿದ್ದ ಆ ಕೋಣೆಗಳಲ್ಲಿ, 1817ರ ಹೊತ್ತಿಗೆ ಇವರು ಶಾಲೆಯನ್ನು ಆರಂಭಿಸಿದರು. ಬಹುಪಾಲು ಕ್ವೇಕರ್ ಮಹಿಳೆಯರನ್ನೊಳಗೊಂಡ ಸಂಘವೊಂದನ್ನು ಕಟ್ಟಿ ಕೈದಿಗಳಿಗೆ ಹೊಲಿಗೆ, ಹೆಣಿಗೆ ಕಲಿಸಿದರು. ನಡವಳಿಕೆಯ ನಿಯಮಗಳನ್ನು ಹೇರದೆ, ಒಂದೊಂದನ್ನೂ ಕೈದಿಗಳ ಮುಂದಿಟ್ಟು ಅವರ ಒಪ್ಪಿಗೆ ಪಡೆದದ್ದು ವಿಶೇಷ. 1818ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ನೀಡಿದರು. ಮಹಿಳಾ ಕೈದಿಗಳಿಗೆ ಮಹಿಳಾ ಕಾವಲುಗಾರರಿರಬೇಕೆಂಬ ಅಂಶ 1823ರ ಕಾರಾಗೃಹ ಕಾಯಿದೆಯಲ್ಲಿ ಸೇರಿತು.

ಪಂಥದೊಳಗಿನ ಸಂಕಷ್ಟ

1828ರಲ್ಲಿ ಜೋಸೆಫ್ ಫ್ರೈ ಅವರ ಬ್ಯಾಂಕ್ ದಿವಾಳಿಯಾಯಿತು. ಸಾಲ ತೀರಿಸಲಾಗದಿರುವುದನ್ನು ಗಂಭೀರ ಲೋಪವೆಂದು ಪರಿಗಣಿಸುತ್ತಿದ್ದ ಪಂಥವು ಅವರನ್ನು ಸದಸ್ಯತ್ವದಿಂದ ಕೈಬಿಟ್ಟಿತು. ಎಲಿಜಬೆತ್ ಪಂಥದಲ್ಲಿಯೇ ಉಳಿದು ಸೇವೆ ಮುಂದುವರಿಸಿದರು. ಪಂಥದ ಹೊರಗಿನವರನ್ನು ವರಿಸಿದವರು ಸದಸ್ಯತ್ವ ಕಳೆದುಕೊಳ್ಳುವ ನಿಯಮ ಆಗ ಜಾರಿಯಲ್ಲಿತ್ತು. ಇವರ ಮಕ್ಕಳಲ್ಲಿ ಹೆಚ್ಚಿನವರು ಕಾಲಕ್ರಮದಲ್ಲಿ ಪಂಥದಿಂದ ದೂರವಾದರು. ಹದಿಹರೆಯದಲ್ಲಿ ತಾಯಿ ತಾವಾಗಿ ಆರಿಸಿಕೊಂಡ ಶಿಸ್ತು ಮಕ್ಕಳಿಗೆ ಹುಟ್ಟಿನಿಂದ ಬಂದ ಕಟ್ಟಳೆಯಾಗಿತ್ತು. ಇದು ಇವರ ಕೊನೆಯ ವರ್ಷಗಳ ದೊಡ್ಡ ನೋವಾಗಿತ್ತು.

ನಿಧನ

1845ರಲ್ಲಿ ರ‍್ಯಾಮ್ಸ್‌ಗೇಟ್‌ನಲ್ಲಿ ನಿಧನರಾದ ಇವರನ್ನು ಬಾರ್ಕಿಂಗ್‌ನ ಕ್ವೇಕರ್ ರುದ್ರಭೂಮಿಯಲ್ಲಿ ಸಮಾಧಿ ಮಾಡಲಾಯಿತು. 2002ರಿಂದ 2017ರವರೆಗೆ ಚಲಾವಣೆಯಲ್ಲಿದ್ದ ಬ್ಯಾಂಕ್ ಆಫ್ ಇಂಗ್ಲೆಂಡಿನ ಐದು ಪೌಂಡ್ ನೋಟಿನ ಮೇಲೆ ಬಿಳಿ ಟೋಪಿ ಧರಿಸಿದ ಇವರ ಭಾವಚಿತ್ರವಿತ್ತು.