ನಿರಾಶ್ರಿತರಿಗೆ ನೆಲೆ ಕಟ್ಟಿದ ಮಂಗಳೂರಿನ ಮಗಳು: ಕಮಲಾದೇವಿ ಚಟ್ಟೋಪಾಧ್ಯಾಯ

ಕಮಲಾದೇವಿ ಚಟ್ಟೋಪಾಧ್ಯಾಯ ಎಂದೊಡನೆ ಕೈಮಗ್ಗದ ಸೀರೆ, ಕರಕುಶಲ ವಸ್ತು, ನಾಟಕರಂಗ ನೆನಪಾಗುವುದು ಸಹಜ. ದೇಶ ವಿಭಜನೆಯ ಕಾಲದಲ್ಲಿ ಮನೆ ಮಠ ಕಳೆದುಕೊಂಡು ದೆಹಲಿಗೆ ಬಂದಿಳಿದ ಕುಟುಂಬಗಳಿಗಾಗಿ ಅವರು ಮಾಡಿದ ಸೇವೆ ಮಾತ್ರ ಹೊರನಾಡ ಕನ್ನಡಿಗರಲ್ಲೂ ಅನೇಕರಿಗೆ ಅಪರಿಚಿತವಾಗಿಯೇ ಉಳಿದಿದೆ.

1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ ಕಮಲಾದೇವಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ್ ಸರಕಾರದ ಉನ್ನತ ಅಧಿಕಾರಿ, ತಾಯಿ ಗಿರಿಜಾಬಾಯಿ. ಕಮಲಾದೇವಿ ಏಳು ವರ್ಷದ ಬಾಲಕಿಯಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲವಾದ್ದರಿಂದ ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಿಂಗಳಿಗಿಷ್ಟು ಎಂದು ಕೊಡಲು ಬಂದ ಜೀವನಾಂಶವನ್ನು ಗಿರಿಜಾಬಾಯಿ ಸ್ವೀಕರಿಸಲಿಲ್ಲ. ತವರಿನಿಂದ ತಂದಿದ್ದ ಸ್ತ್ರೀಧನದಲ್ಲೇ ಹೆಣ್ಣುಮಕ್ಕಳನ್ನು ಸಾಕಿದರು. ಇದ್ದಕ್ಕಿದ್ದಂತೆ ಮನೆ ಕೈತಪ್ಪುವುದೆಂದರೇನು, ಇನ್ನೊಬ್ಬರ ಹಂಗಿನ ಅನ್ನವೆಂದರೇನು ಎಂಬುದನ್ನು ಕಮಲಾದೇವಿ ಹೀಗೆ ಎಳೆಯ ಪ್ರಾಯದಲ್ಲೇ ಕಂಡರು.

ಬಾಲ್ಯದಲ್ಲೇ ವಿವಾಹ, ಎರಡೇ ವರ್ಷಗಳಲ್ಲಿ ವೈಧವ್ಯ. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದುವಾಗ ಕವಿ, ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಜನರ ಟೀಕೆಯನ್ನು ಲೆಕ್ಕಿಸದೆ ಅವರನ್ನು ಮದುವೆಯಾದರು. 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನೆಯಲ್ಲಿ ತೊಡಗಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ಚೌಪಾಟಿ ಅವರ ಕಾರ್ಯಕ್ಷೇತ್ರವಾಯಿತು. ಉಪ್ಪಿನ ಪೊಟ್ಟಣಗಳನ್ನು ಹಿಡಿದು ಶೇರುಪೇಟೆಯೊಳಗೇ ನುಗ್ಗಿ ಮಾರಿದ ಅವರ ಧೈರ್ಯವನ್ನು ಮುಂಬಯಿಗರು ಬಹುಕಾಲ ನೆನೆಯುತ್ತಿದ್ದರು. ಅನಂತರ ಸೆರೆವಾಸ ಅವರಿಗೆ ಅಭ್ಯಾಸವೇ ಆಗಿಹೋಯಿತು.

1947ರಲ್ಲಿ ಸ್ವಾತಂತ್ರ್ಯ ಬಂದಾಗ ಅವರ ಜತೆಗಾರರಲ್ಲಿ ಹಲವರು ಮಂತ್ರಿ, ರಾಜ್ಯಪಾಲ, ರಾಯಭಾರಿಗಳಾದರು. ಕಮಲಾದೇವಿ ಅಧಿಕಾರ ರಾಜಕಾರಣದಿಂದ ದೂರ ಸರಿದು ನಿರಾಶ್ರಿತರ ಶಿಬಿರಗಳತ್ತ ನಡೆದರು. ದೆಹಲಿಯ ಪುರಾನಾ ಕಿಲಾ, ಕಿಂಗ್ಸ್‌ವೇ ಕ್ಯಾಂಪ್, ಮುಂದೆ ಕುರುಕ್ಷೇತ್ರ, ಎಲ್ಲಿ ನೋಡಿದರೂ ಡೇರೆಗಳು. ನಿನ್ನೆಯವರೆಗೆ ಹೊಲ, ಅಂಗಡಿ ಇದ್ದವರು ಇಂದು ರೇಷನ್ನಿನ ಸಾಲಿನಲ್ಲಿ ನಿಂತಿದ್ದರು. ಕೂಳು, ಬಟ್ಟೆ, ಕಂಬಳಿ ಮೊದಲು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಂಗಳುಗಟ್ಟಲೆ ಕೈಚಾಚಿ ನಿಂತವನಿಗೆ ತನ್ನ ಮೇಲಿನ ನಂಬಿಕೆಯೇ ಹೋಗಿಬಿಡುತ್ತದೆ ಎಂಬುದು ಅವರ ಚಿಂತೆಯಾಗಿತ್ತು. ಅನ್ನದ ಹಿಂದೆಯೇ ದುಡಿಮೆಯೂ ಬರಬೇಕೆಂದು ಅವರು ಹಟ ಹಿಡಿದರು.

ಈ ಉದ್ದೇಶದಿಂದಲೇ 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಹುಟ್ಟಿಕೊಂಡಿತು. ಕಿಂಗ್ಸ್‌ವೇ ಶಿಬಿರದಲ್ಲಿ ದುಡಿಯುತ್ತಿದ್ದ ಯುವಕ ಎಲ್.ಸಿ. ಜೈನ್ ಅವರ ಬಲಗೈಯಾದರು. ದೆಹಲಿಗೆ ಸಮೀಪದ ಛತರ್‌ಪುರದಲ್ಲಿ ನಿರಾಶ್ರಿತ ರೈತ ಕುಟುಂಬಗಳನ್ನು ಒಟ್ಟುಗೂಡಿಸಿ ಸಹಕಾರಿ ಬೇಸಾಯಕ್ಕೆ ಹಚ್ಚಲಾಯಿತು.

ಅದಕ್ಕಿಂತ ದೊಡ್ಡ ಪರೀಕ್ಷೆ ಫರೀದಾಬಾದಿನದು. ಬನ್ನು, ಡೇರಾ ಇಸ್ಮಾಯಿಲ್ ಖಾನ್, ಕೋಹಾಟ್, ಪೇಶಾವರ ಕಡೆಯಿಂದ ಬಂದ ವಾಯವ್ಯ ಗಡಿನಾಡಿನ ಜನ ತಮ್ಮನ್ನು ಚದುರಿಸಬಾರದು, ಒಂದೇ ಕಡೆ ನೆಲೆಗೊಳಿಸಬೇಕು ಎಂದು ಪಟ್ಟುಹಿಡಿದಿದ್ದರು. ಪರಊರಿಗೆ ಬಂದ ಮೇಲೆ ನಮ್ಮವರ ನೆರೆ ಎಷ್ಟು ದೊಡ್ಡ ಆಸರೆಯೆಂಬುದನ್ನು ವಲಸೆ ಬಂದವರಿಗೆ ವಿವರಿಸಿ ಹೇಳಬೇಕಾಗಿಲ್ಲ. 1949ರಲ್ಲಿ ದೆಹಲಿಯ ದಕ್ಷಿಣಕ್ಕೆ ಫರೀದಾಬಾದಿನಲ್ಲಿ ಹೊಸ ಪಟ್ಟಣ ಕಟ್ಟಲು ತೀರ್ಮಾನವಾಯಿತು. ಅದಕ್ಕಾಗಿ ರಚನೆಯಾದ ಅಭಿವೃದ್ಧಿ ಮಂಡಳಿಯನ್ನು ಎಚ್.ಎನ್. ಕುಂಜ್ರು ಮುನ್ನಡೆಸಿದರು. ಸುಧೀರ್ ಘೋಷ್ ಆಡಳಿತ ನೋಡಿಕೊಂಡರು. ಪ್ರಧಾನಿ ನೆಹರೂ ಸ್ವತಃ ಮಂಡಳಿಯ ಸಭೆಗಳಿಗೆ ಬರುತ್ತಿದ್ದರು.

ಮನೆಗಳನ್ನು ಯಾರು ಕಟ್ಟಬೇಕು? ಗುತ್ತಿಗೆದಾರರಿಗೆ ವಹಿಸುವುದು ಸರಕಾರಿ ಇಲಾಖೆಗಳ ರೂಢಿ. ವಾಸಿಸಬೇಕಾದವರೇ ಕಟ್ಟಲಿ, ಕೂಲಿಯೂ ಅವರಿಗೇ ಸಿಗಲಿ ಎಂಬುದು ಕಮಲಾದೇವಿ ಮತ್ತು ಸಂಗಡಿಗರ ನಿಲುವು. ನಿರಾಶ್ರಿತರಲ್ಲಿ ಬಹುಮಂದಿ ವ್ಯಾಪಾರಿಗಳು, ಗಾರೆ ಮುಟ್ಟಿದವರಲ್ಲ. ಆದರೂ ಸಹಕಾರಿ ಸಂಘಗಳನ್ನು ಕಟ್ಟಿ, ಇಟ್ಟಿಗೆ ಸುಡುವುದರಿಂದ ಗೋಡೆ ಏರಿಸುವವರೆಗೆ ಕಲಿಸಲಾಯಿತು. ಯುದ್ಧ ಪರಿಹಾರವಾಗಿ ಜರ್ಮನಿಯಿಂದ ಬಂದು ಬಿದ್ದಿದ್ದ ವಿದ್ಯುತ್ ಘಟಕವೂ ಅಲ್ಲಿಗೆ ಬಂತು. ಡೇರೆಗಳಿದ್ದ ಬಯಲಿನಲ್ಲಿ ಕೆಲವೇ ವರ್ಷಗಳಲ್ಲಿ ಸಾವಿರಾರು ಮನೆಗಳು, ಶಾಲೆ, ಆಸ್ಪತ್ರೆಗಳು ಎದ್ದುನಿಂತವು. ಗಡಿನಾಡಿನ ಜನ ಆ ಆಸ್ಪತ್ರೆಗೆ ತಮ್ಮ ನಾಯಕ ಬಾದಶಾ ಖಾನ್ ಅವರ ಹೆಸರಿಟ್ಟರು.

ಎಲ್ಲವೂ ಅಂದುಕೊಂಡಂತೆ ಆಯಿತೆನ್ನುವಂತಿಲ್ಲ. ಮನೆ ಕಟ್ಟುವ ಕೆಲಸ ಮುಗಿಯುತ್ತ ಬಂದಂತೆ ದುಡಿಮೆಯ ಪ್ರಶ್ನೆ ಮತ್ತೆ ಎದ್ದಿತು. ಇಲಾಖೆಯ ಹಿಡಿತ ಬಿಗಿಯಾದಂತೆ ಸಹಕಾರಿ ಸಂಘಗಳು ಸೊರಗಿದವು. ಕಮಲಾದೇವಿ ಕಂಡ ಕನಸಿನ ಸಹಕಾರಿ ಪಟ್ಟಣ ಪೂರ್ಣವಾಗಿ ಕೈಗೂಡಲಿಲ್ಲ. ಆದರೆ ಊರು ಉಳಿಯಿತು. ಹರಿಯಾಣದ ದೊಡ್ಡ ಕೈಗಾರಿಕಾ ನಗರ ಫರೀದಾಬಾದಿನ ಎನ್.ಐ.ಟಿ. ಪ್ರದೇಶ ಅಂದು ನಿರಾಶ್ರಿತರು ಕಟ್ಟಿಕೊಂಡ ಪಟ್ಟಣವೇ.

ಕೈಗೆ ಕೆಲಸ ಎಂಬ ಅದೇ ಮಂತ್ರ ಮುಂದೆ ಅವರನ್ನು ಕುಶಲಕರ್ಮಿಗಳ ಮನೆಬಾಗಿಲಿಗೆ ಒಯ್ದಿತು. ಅವರ ಯೂನಿಯನ್ ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ನಿರ್ವಹಣೆ ವಹಿಸಿಕೊಂಡಿತು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಅವರು ದೀರ್ಘಕಾಲ ಮುನ್ನಡೆಸಿದರು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿಕೊಂಡು ಬಂದವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ಅವರು ಇಹಲೋಕ ತ್ಯಜಿಸಿದರು.

ಹೊರನಾಡಿನ ನಮ್ಮ ಸಂಘ ಸಂಸ್ಥೆಗಳು ಬೆಳೆದದ್ದೂ ಊರು ಬಿಟ್ಟು ಬಂದವನಿಗೆ ಒಂದು ಹೊತ್ತಿನ ಊಟ, ಮಲಗಲು ಜಾಗ, ರಾತ್ರಿಶಾಲೆಯ ಪಾಠ, ಒಂದು ನೌಕರಿ ಒದಗಿಸುವ ಕಾಳಜಿಯಿಂದಲೇ. ನೆರೆ, ಬೆಂಕಿ, ಗಲಭೆಗಳಿಂದ ನೆಲೆ ತಪ್ಪಿದ ಕುಟುಂಬಗಳು ಇಂದಿಗೂ ಮಹಾನಗರಗಳಿಗೆ ಬರುತ್ತಲೇ ಇವೆ. ಅವರಿಗೆ ಅಕ್ಕಿ, ಕಂಬಳಿ ಹಂಚಿ ಬರುವುದು ಪುಣ್ಯದ ಕೆಲಸ. ಅಷ್ಟಕ್ಕೇ ನಿಲ್ಲದೆ, ಅವರು ಮತ್ತೆ ಸಾಲಿನಲ್ಲಿ ನಿಲ್ಲದಂತೆ ಮಾಡುವುದು ಕಮಲಾದೇವಿ ತೋರಿದ ದಾರಿ.