ಬೂಸಾ ಮಾತಿನ ಬಸವಲಿಂಗಪ್ಪನವರು, ಬೆನ್ನಿಗೆ ನಿಂತ ಹುಡುಗರು

ಬೂಸಾ ಅಂದರೇನು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ದಿನಾ ಹಸುವಿಗೆ ಕಲಸಿ ಇಡುವವರು ನಾವು. ಆ ಒಂದು ಮಾತಿಗೆ ಕರ್ನಾಟಕದಲ್ಲಿ ಒಬ್ಬ ಮಂತ್ರಿಯ ಕುರ್ಚಿ ಹೋಯಿತು, ಹಾಸ್ಟೆಲ್ ಹುಡುಗರು ಏಟು ತಿಂದರು, ಒಂದು ಚಳವಳಿಯೇ ಹುಟ್ಟಿತು. ಆ ಮಂತ್ರಿ ಬಿ. ಬಸವಲಿಂಗಪ್ಪನವರು. ನಮ್ಮ ಸಂಘದ ಗೋಡೆಯಲ್ಲಿ ಬಾಬಾಸಾಹೇಬರ ಪಟ ಇದೆ, ಇವರದ್ದು ಇಲ್ಲ. ಅದಕ್ಕೇ ಈ ನಾಲ್ಕು ಮಾತು.

ಓದಿ ವಕೀಲರಾದವರು, ಅಂಬೇಡ್ಕರ್ ವಿಚಾರವನ್ನು ಎದೆಯಲ್ಲಿಟ್ಟುಕೊಂಡವರು. 1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದಾಗ ಇವರಿಗೆ ಪೌರಾಡಳಿತ ಖಾತೆ ಸಿಕ್ಕಿತು. ಹಿಂದೆಮುಂದೆ ನೋಡದೆ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇವರ ಪಟಗಳನ್ನು ಮನೆಯಿಂದ ಹೊರಗೆಸೆಯಿರಿ ಅಂತ ನಮ್ಮವರಿಗೇ ಹೇಳಿ ಬೈಸಿಕೊಂಡರು. ನಮ್ಮ ಕೇರಿಯಲ್ಲಿ ಇವತ್ತು ಆ ಮಾತು ಹೇಳಿದರೂ ಅಜ್ಜಿಯರು ಸುಮ್ಮನೆ ಬಿಡ್ತಾರಾ, ನೀವೇ ಯೋಚಿಸಿ.

1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದುಬಿಟ್ಟರು. ಬೆಂಕಿ ಹತ್ತಿತು. ಕನ್ನಡದ ದ್ರೋಹಿ ಎಂದು ಮೆರವಣಿಗೆಗಳು ಹೊರಟವು. ಮೇಲ್ಜಾತಿ ವಿದ್ಯಾರ್ಥಿಗಳ ಸಿಟ್ಟು ಮಂತ್ರಿಯ ಬಂಗಲೆಗಿಂತ ಮೊದಲು ತಲುಪಿದ್ದು ದಲಿತ ಹುಡುಗರ ಹಾಸ್ಟೆಲ್‌ಗಳಿಗೆ. ಸಾಹಿತ್ಯದ ಜಗಳವಾಗಿದ್ದರೆ ಪುಸ್ತಕದಲ್ಲಿ ಉತ್ತರ ಕೊಡಬಹುದಿತ್ತು. ಹೊಡೆತ ಬಿದ್ದದ್ದು ಜಾತಿ ನೋಡಿ.

ಆಗ ಆ ಹುಡುಗರು ಏನು ಮಾಡಿದರು ಅನ್ನೋದೇ ನಾನು ನಿಮಗೆ ಹೇಳಬೇಕಾದ್ದು. ಬಸವಲಿಂಗಪ್ಪನವರು ಕಾಂಗ್ರೆಸ್ಸಿನವರು. ಈ ಹುಡುಗರಲ್ಲಿ ಅನೇಕರಿಗೆ ಆ ಪಕ್ಷ ಬೇಕಾಗಿರಲಿಲ್ಲ. ಮಂತ್ರಿಯಿಂದ ಅವರಿಗೆ ಆಗಬೇಕಾದ್ದೂ ಏನಿರಲಿಲ್ಲ. ಆದರೂ ಬೀದಿಗೆ ಬಂದರು. ಮೊದಲು ಬಂದದ್ದು ನಮ್ಮವರು ಅನ್ನುವ ಕರುಳಿಗೆ, ನಿಜ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಎಡಗೈ ಬಲಗೈ ಲೆಕ್ಕ ಬಿಟ್ಟು ಜೊತೆಯಾದರು. ಸಮಾಜವಾದಿ ಹುಡುಗರು, ಜಾತಿ ಬಿಡಬೇಕೆಂದಿದ್ದ ಬೇರೆ ಜಾತಿಯವರು ಬಂದು ಸೇರಿದರು. ಬೆಂಗಳೂರಿನಲ್ಲಿ ಆಗಿನ್ನೂ ವಿದ್ಯಾರ್ಥಿಯಾಗಿದ್ದ ಸಿದ್ದಲಿಂಗಯ್ಯನವರು ಅವರ ಪರ ನಿಂತರು. ಕನ್ನಡದ ಹಿರಿಯ ಕವಿ ಕುವೆಂಪು ಅವರೇ ಆ ಮಾತನ್ನು ಸಮರ್ಥಿಸಿದರು. ಹಾಗಾದರೆ ಕನ್ನಡ ದ್ರೋಹ ಎಲ್ಲಿ ಬಂತು?

ಈ ಪ್ರಶ್ನೆ ನಮಗೆ, ತಾಳವಾಡಿಯವರಿಗೆ, ಸ್ವಲ್ಪ ಬೇರೆ ರೀತಿ ಕಾಣುತ್ತೆ. 1956ರಲ್ಲಿ ಗಡಿ ಗೆರೆ ಎಳೆದಾಗ ಕನ್ನಡ ಮಾತಾಡುವ ನಾವು ಈ ಕಡೆ ಉಳಿದೆವು. ಬೂಸಾ ಗಲಾಟೆ ಆದಾಗ ಈರೋಡ್ ಜಿಲ್ಲೆಯೇ ಹುಟ್ಟಿರಲಿಲ್ಲ, ನಾವು ಕೊಯಮತ್ತೂರಿಗೆ ಸೇರಿದ್ದೆವು. ಕನ್ನಡ ನಮಗೆ ತಾಯಿ ಭಾಷೆ. ಕನ್ನಡ ಶಾಲೆ ಉಳಿಯಲಿ ಅಂತ ನಾವೂ ಕೂಗ್ತೀವಿ. ಆದರೆ ಅದೇ ಕನ್ನಡ ಮಾತಾಡುವ ಊರಿನಲ್ಲಿ ಕೇರಿ ಬೇರೆ ಇದೆ ಅಲ್ವಾ? ಭಾಷೆಗೆ ಕೂಗುವಾಗ ಎಲ್ಲರೂ ಒಂದು, ಕೇರಿಗೆ ಏಟು ಬಿದ್ದಾಗ ಎಷ್ಟು ಜನ ಬರ್ತಾರೆ? ಬಸವಲಿಂಗಪ್ಪನವರು ಕೇಳಿದ್ದೂ ಹೆಚ್ಚುಕಮ್ಮಿ ಅದನ್ನೇ: ಆ ಸಾಹಿತ್ಯದಲ್ಲಿ ನಮ್ಮ ಬದುಕು ಎಲ್ಲಿ?

ಆ ಡಿಸೆಂಬರ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಹುಡುಗರು ಮನೆಗೆ ಹೋಗಲಿಲ್ಲ. ಮರುವರ್ಷ ಮೈಸೂರಿನಲ್ಲಿ ಬರಹಗಾರರ ಮತ್ತು ಕಲಾವಿದರ ಒಕ್ಕೂಟ ಸೇರಿತು. ಭದ್ರಾವತಿಯ ಕನ್ನಡ ಮೇಷ್ಟ್ರು ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಒಬ್ಬ ಮಂತ್ರಿಗಾಗಿ ಶುರುವಾದದ್ದು ಭೂಮಿಗಾಗಿ, ಕೂಲಿಗಾಗಿ, ದೌರ್ಜನ್ಯದ ವಿರುದ್ಧ ನಡೆಯುವ ಜಾಥಾ ಆಯಿತು. ಆ ಮೇಲೆ ಅಲ್ಲೂ ಒಡಕು ಬಂತು, ಅದು ಬೇರೆ ಕತೆ.

ಬಸವಲಿಂಗಪ್ಪನವರು ಮುಂದೆ ಮತ್ತೆ ಮಂತ್ರಿಯಾದರು. ತೀರಿಕೊಂಡದ್ದು 1992ರಲ್ಲಿ. ಮಲ ಹೊರಿಸುವುದು ಅಪರಾಧ ಎಂದು ದೆಹಲಿಯ ಸರ್ಕಾರ ಕಾನೂನು ಮಾಡಿದ್ದು 1993ರಲ್ಲಿ, ಇವರು ತಮ್ಮ ಖಾತೆಯಲ್ಲಿ ಆ ಕೆಲಸ ಮಾಡಿ ಸುಮಾರು ಇಪ್ಪತ್ತು ವರ್ಷ ಆದ ಮೇಲೆ.